ಬೆಳ್ಳಿಯ ಮೋಡಗಳನ್ನು ಓಡಿಸುವವರು ಯಾರು?

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಪಡುವಣದ ಕಡೆಗೋ, ಕೋಳಿ ಕೂಗುವ ಹೊತ್ತಿನಲ್ಲಿ ಮೂಡಣದ ಕಡೆಗೋ ಕಣ್ಣು ಹಾಯಿಸಿದವರಿಗೆ ಬೆಳ್ಳಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಎಂದಿನಂತೆ ಕಾಣುವ ಜ್ಯೋತಿಗಳಲ್ಲಿ ಅದಕ್ಕಿಂತ ಪ್ರಕಾಶವಾದದ್ದು ಇನ್ನೊಂದಿಲ್ಲ. ಗಡಿಯಾರವಿಲ್ಲದ ಕಾಲದಲ್ಲಿ ನಮ್ಮ ಒಕ್ಕಲಿಗರು ಬೆಳ್ಳಿ ಮೂಡಿದುದನ್ನು ನೋಡಿ ಆರು ಕಟ್ಟಲು ಎದ್ದರು. ಪಂಚಾಂಗದವರು ಶುಕ್ರ ಅಸ್ತನಾದನೆಂದು ಮದುವೆ ಮುಂಜಿಗಳನ್ನು ಮುಂದಕ್ಕೆ ಹಾಕಿದರು. ಯಾರಿಗಾದರೂ ಕಾಲ ಕೂಡಿಬಂದರೆ ಶುಕ್ರದೆಸೆ ತಿರುಗಿತು ಎಂದು ಈಗಲೂ ಹೇಳುತ್ತೇವೆ. ಇಷ್ಟು ಬಳಕೆಯ ಗ್ರಹವಾದರೂ ಅದರ ಮೈಯನ್ನು ಭೂಮಿಯ ಮೇಲೆ ನಿಂತು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ನಾವು ಕಂಡು ಹಿಗ್ಗುವ ಆ ಹೊಳಪು ಶುಕ್ರನ ನೆಲದ್ದಲ್ಲ; ಅವನು ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡಿರುವ ಮೋಡದ ಕಂಬಳಿಯದು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು 75 ಪಾಲನ್ನು ಆ ಮೋಡ ಹಿಂದಕ್ಕೆ ಎಸೆದುಬಿಡುತ್ತದೆ. ಅದೇ ನಮ್ಮ ಬೆಳ್ಳಿಯ ಬೆಳಕು.

ಕನ್ನಡ ಪಂಡಿತನಾದ ನಾನು ಈ ವಿಷಯಕ್ಕೆ ಏಕೆ ಕೈಹಾಕಿದೆನೆಂದು ಕೆಲವರು ಕೇಳಬಹುದು. ಇದು ಒಂದು ಹಳೆಯ ಸಾಲ. ಕೆಲವು ವರ್ಷಗಳ ಹಿಂದೆ, ವಿಜ್ಞಾನದ ಮೇಷ್ಟ್ರು ರಜೆಯ ಮೇಲಿದ್ದ ಒಂದು ದಿನ, ಅವರ ಒಂಬತ್ತನೆಯ ತರಗತಿಗೆ ನಾನು ಹೋಗಬೇಕಾಯಿತು. ಗ್ರಹಗಳ ಪಾಠ. ಶುಕ್ರ ತನ್ನ ಸುತ್ತ ತಾನು ಒಮ್ಮೆ ತಿರುಗಲು ನಮ್ಮ 243 ದಿನ ಬೇಕು, ಅವನ ಮೋಡಗಳು ಮಾತ್ರ ನಾಲ್ಕೇ ದಿನಗಳಲ್ಲಿ ಗ್ರಹವನ್ನೆಲ್ಲ ಸುತ್ತಿಬಿಡುತ್ತವೆ ಎಂದು ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. “ಸಾರ್, ನೆಲ ಅಷ್ಟು ನಿಧಾನವಾಗಿ ತಿರುಗುತ್ತೆ ಅಂದ್ರೆ ಮೋಡಗಳನ್ನ ತಳ್ಳೋರು ಯಾರು ಸಾರ್?” ಎಂದ. ನಾನು ತಡವರಿಸದೆ “ಇನ್ನಾರಪ್ಪ, ಸೂರ್ಯನ ಶಾಖ” ಎಂದೆ. ಅವನು ಕುಳಿತುಕೊಳ್ಳಲಿಲ್ಲ. “ನಮಗೂ ಅದೇ ಸೂರ್ಯ ಅಲ್ವಾ ಸಾರ್?” ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬದುಕಿದೆ. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ದೊಡ್ಡ ದೊಡ್ಡ ವಿದ್ವಾಂಸರೇ ಅದರ ಹಿಂದೆ ಬಿದ್ದು ಅರುವತ್ತು ವರ್ಷ ಕಳೆದಿದ್ದಾರೆಂದು ತಿಳಿದದ್ದು ಆಮೇಲೆ.

ಮೊದಲು ಗ್ರಹದ ಪರಿಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಶುಕ್ರನ ವ್ಯಾಸ 12,104 ಕಿಲೋಮೀಟರು; ಭೂಮಿಯದು 12,756. ಗಾತ್ರದಲ್ಲಿ ಅಕ್ಕತಂಗಿಯರೆನ್ನಬಹುದು. ಈ ಹೋಲಿಕೆಯೇ ಹಿಂದಿನವರನ್ನು ದಾರಿ ತಪ್ಪಿಸಿತು. ಮೋಡವಿದ್ದ ಮೇಲೆ ನೀರಿರಬೇಕು, ನೀರಿದ್ದ ಮೇಲೆ ಹಸುರಿರಬೇಕು ಎಂದು ತರ್ಕ ನಡೆಯಿತು. ಸ್ವೀಡನ್ ದೇಶದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಸ್ವಾಂಟೆ ಅರೇನಿಯಸ್ 1918ರಲ್ಲಿ, ಶುಕ್ರನ ಮೇಲೆ ಎಲ್ಲವೂ ನೀರು ತೊಟ್ಟಿಕ್ಕುವ ಜೌಗುಕಾಡು ಎಂಬ ಭಾವನೆಯನ್ನು ಬರೆದರು. ಕಾಣದ ಮುಖಕ್ಕೆ ಚೆಲುವನ್ನು ಕಲ್ಪಿಸುವುದು ಕವಿಗಳ ಕಸುಬೆಂದು ನಾವು ತಿಳಿದಿದ್ದೇವೆ; ಶಾಸ್ತ್ರಜ್ಞರೂ ಅದಕ್ಕೆ ಹೊರತಲ್ಲ.

ಈ ಕನಸನ್ನು ಒಡೆದದ್ದು ರೇಡಿಯೋ. ನಿಮ್ಮ ಮನೆಯ ಪೆಟ್ಟಿಗೆ ಆಕಾಶವಾಣಿಯ ಅಲೆಗಳನ್ನು ಹಿಡಿಯುತ್ತದಷ್ಟೆ. ಬಿಸಿಯಾದ ಪ್ರತಿಯೊಂದು ವಸ್ತುವೂ ತನ್ನ ಪಾಡಿಗೆ ತಾನು ಬಹು ಸಣ್ಣ ಪ್ರಮಾಣದಲ್ಲಿ ರೇಡಿಯೋ ಅಲೆಗಳನ್ನು ಹೊರಸೂಸುತ್ತಲೇ ಇರುತ್ತದೆ. ಅವು ಮೋಡಕ್ಕೆ ಹೆದರುವುದಿಲ್ಲ. 1956ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಒಂದು ದೊಡ್ಡ ರೇಡಿಯೋ ದೂರದರ್ಶಕವನ್ನು ಶುಕ್ರನ ಕಡೆ ತಿರುಗಿಸಿ, ಸುಮಾರು ಮೂರು ಸೆಂಟಿಮೀಟರು ಉದ್ದದ ಅಲೆಗಳನ್ನು ಅಳೆದರು. ಬಂದ ಲೆಕ್ಕ ನಂಬಲಾಗದಂತಿತ್ತು: ನೀರು ಕುದಿಯುವ ಶಾಖವನ್ನು ಎಷ್ಟೋ ಮೀರಿದ ಶಾಖ! 1962ರ ಡಿಸೆಂಬರ್ 14ರಂದು ಶುಕ್ರನ ಬಳಿ ಹಾದುಹೋದ ಮ್ಯಾರಿನರ್-2 ನೌಕೆ ಈ ಮಾತನ್ನು ಸಮರ್ಥಿಸಿತು. 1970ರ ಡಿಸೆಂಬರಿನಲ್ಲಿ ರಷ್ಯನ್ನರ ವೆನೆರಾ-7 ಆ ನೆಲದ ಮೇಲೆಯೇ ಇಳಿದು ವರ್ತಮಾನ ಕಳುಹಿಸಿತು. ಇಂದು ನಮಗೆ ತಿಳಿದಿರುವಂತೆ ಶುಕ್ರನ ನೆಲದ ಉಷ್ಣತೆ ಸುಮಾರು 464 ಡಿಗ್ರಿ ಸೆಂಟಿಗ್ರೇಡ್. ಅಲ್ಲಿ ಸೀಸ ಕರಗಿ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 96 ಪಾಲಿಗೂ ಮಿಕ್ಕು ಇಂಗಾಲದ ಡೈಆಕ್ಸೈಡ್. ಉಳಿದದ್ದು ಬಹುಮಟ್ಟಿಗೆ ಸಾರಜನಕ. ಆ ಗಾಳಿಯ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 92ರಷ್ಟು. ನಮ್ಮ ಸಮುದ್ರದಲ್ಲಿ ಸುಮಾರು ಒಂಬೈನೂರು ಮೀಟರು ಆಳಕ್ಕೆ ಮುಳುಗಿದವನ ಮೇಲೆ ಎಷ್ಟು ಒತ್ತಡ ಬೀಳುವುದೋ ಅಷ್ಟು.

ಮೋಡವೂ ನಮ್ಮ ಮೋಡವಲ್ಲ. ನೆಲದಿಂದ ಸುಮಾರು 48 ಕಿಲೋಮೀಟರು ಎತ್ತರದಲ್ಲಿ ಆರಂಭವಾಗಿ 70 ಕಿಲೋಮೀಟರಿನವರೆಗೆ ಹಬ್ಬಿರುವ ಆ ಮೋಡದ ಹನಿಗಳು ಗಂಧಕಾಮ್ಲದವು. ಬ್ಯಾಟರಿಯಲ್ಲಿ ಹಾಕುವ ಆಸಿಡ್ ಎಂದರೆ ಬೇಗ ಅರ್ಥವಾದೀತು, ಅದಕ್ಕಿಂತಲೂ ಕಡುವಾದದ್ದು. ಆ ಹನಿ ಕೆಳಗಿಳಿದರೂ ನೆಲ ಮುಟ್ಟುವುದಿಲ್ಲ. ದಾರಿಯಲ್ಲಿಯೇ ಕಾವಿಗೆ ಆವಿಯಾಗಿ ಮತ್ತೆ ಮೇಲೇರುತ್ತದೆ. ಅಸುರರ ಗುರುವಿನ ಮನೆಗೆ ತಕ್ಕ ಮಳೆಯೇ ಸರಿ.

ಇನ್ನು ತಿರುಗುವ ಮಾತು. ದೂರದರ್ಶಕದಲ್ಲಿ ನೋಡಿದರೆ ಶುಕ್ರನ ಮೋಡ ಬರಿಯ ಬಿಳಿ. ಸುಣ್ಣ ಬಳಿದ ಗೋಡೆಯಂತೆ ಒಂದು ಗುರುತೂ ಇಲ್ಲ. ಗುರುತಿಲ್ಲದ ಬುಗುರಿ ತಿರುಗುತ್ತಿದೆಯೋ ನಿಂತಿದೆಯೋ ಹೇಳುವುದು ಹೇಗೆ? 1927ರಲ್ಲಿ ಫ್ರಾಂಕ್ ರಾಸ್ ಎಂಬ ಅಮೆರಿಕದ ಖಗೋಳಜ್ಞರು ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಲ್ಲಿ ಶುಕ್ರನ ಛಾಯಾಚಿತ್ರಗಳನ್ನು ತೆಗೆದರು. ಬಿಳಿಯ ಗೋಡೆಯ ಮೇಲೆ ಕಪ್ಪು ಮಚ್ಚೆಗಳು ಮೂಡಿದುವು. ಮೋಡದಲ್ಲಿರುವ ಯಾವುದೋ ದ್ರವ್ಯ ಆ ಕಿರಣಗಳನ್ನು ನುಂಗುತ್ತಿತ್ತು.

ಮುಂದಿನ ಹೆಜ್ಜೆಯಿಟ್ಟವನು ವೃತ್ತಿಯಿಂದ ಖಗೋಳಜ್ಞನೇ ಅಲ್ಲ. ಷಾರ್ಲ್ ಬ್ವಾಯೆ ಎಂಬ ಫ್ರೆಂಚ್ ಗೃಹಸ್ಥ ಆಫ್ರಿಕದ ಬ್ರಾಝವಿಲ್ ನಗರದಲ್ಲಿ ನ್ಯಾಯಾಧೀಶನಾಗಿದ್ದ. ಹಗಲು ಕಚೇರಿ, ಬಿಡುವಿನಲ್ಲಿ ದೂರದರ್ಶಕ. ಫ್ರಾನ್ಸಿನ ಪಿಕ್ ದ್ಯು ಮಿದಿ ವೀಕ್ಷಣಾಲಯದ ಕಾಮಿಷೆಲ್ ಎಂಬ ಸ್ನೇಹಿತರ ಪ್ರೇರಣೆಯಿಂದ 1957ರಲ್ಲಿ ಅವನು ಅತಿನೇರಳೆ ಬೆಳಕಿನಲ್ಲಿ ಶುಕ್ರನ ಚಿತ್ರಗಳನ್ನು ತೆಗೆಯತೊಡಗಿದ. ಒಂದು ಕಪ್ಪು ಗುರುತು ನಾಲ್ಕು ನಾಲ್ಕು ದಿನಕ್ಕೊಮ್ಮೆ ಅದೇ ಎಡೆಗೆ ಬಂದು ನಿಲ್ಲುತ್ತಿತ್ತು. ಕಾಮಿಷೆಲ್ಲರ ಚಿತ್ರಗಳಲ್ಲಿಯೂ ಅದೇ ಲೆಕ್ಕ. ಶುಕ್ರ ನಾಲ್ಕು ದಿನಗಳಿಗೊಮ್ಮೆ ಸುತ್ತುತ್ತಾನೆ ಎಂದು ಇಬ್ಬರೂ ಸಾರಿದರು.

ಆದರೆ 1961-62ರಲ್ಲಿ ರೇಡಾರ್ ಅಲೆಗಳನ್ನು ಶುಕ್ರನ ನೆಲಕ್ಕೆ ಹೊಡೆದು ಹಿಂದಕ್ಕೆ ಹಿಡಿದವರ ಲೆಕ್ಕ ಬೇರೆಯೇ ಆಯಿತು. ನೆಲ ಒಮ್ಮೆ ತಿರುಗಲು ಸುಮಾರು 243 ದಿನ. ಅದೂ ತಿರುಗುಮುರುಗಾಗಿ, ಅಂದರೆ ಮೂಡಣದಿಂದ ಪಡುವಣಕ್ಕೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯಕ್ಕೆ ನಮ್ಮ 117 ದಿನ ಕಾಯಬೇಕು. ನಾಲ್ಕು ದಿನವೆಲ್ಲಿ, 243 ದಿನವೆಲ್ಲಿ! ನ್ಯಾಯಾಧೀಶನ ಮಾತಿಗೆ ತಜ್ಞರಲ್ಲಿ ಹಲವರು ಬೆಲೆ ಕೊಡಲಿಲ್ಲ. ಗಾಳಿ ಹಾಗೆ ಓಡುವುದಕ್ಕೆ ಕಾರಣವೇ ಇಲ್ಲ, ಆದ್ದರಿಂದ ಅದು ಓಡುತ್ತಿಲ್ಲ ಎಂಬಂತಿತ್ತು ವಾದ. 1974ರ ಫೆಬ್ರುವರಿಯಲ್ಲಿ ಮ್ಯಾರಿನರ್-10 ನೌಕೆ ಶುಕ್ರನ ಪಕ್ಕದಲ್ಲಿ ಸಾಗುತ್ತ ಅತಿನೇರಳೆ ಬೆಳಕಿನಲ್ಲಿ ಚಿತ್ರದ ಮೇಲೆ ಚಿತ್ರ ತೆಗೆಯಿತು. ಮೋಡಗಳು ನಿಜವಾಗಿಯೂ ನಾಲ್ಕು ದಿನಗಳ ಸುತ್ತಿನಲ್ಲಿ ಓಡುತ್ತಿದ್ದುವು. ಬ್ವಾಯೆ ಕಂಡದ್ದು ಮೋಡವನ್ನು, ರೇಡಾರ್ ಕಂಡದ್ದು ನೆಲವನ್ನು. ಎರಡು ಸಾಕ್ಷಿಗಳೂ ನಿಜ ನುಡಿದಿದ್ದುವು.

ಈಗ ಪ್ರಶ್ನೆಯ ತೂಕವನ್ನು ನೋಡಿ. ಶುಕ್ರನ ನಡುರೇಖೆಯಲ್ಲಿ ನೆಲ ಚಲಿಸುವ ವೇಗ ಗಂಟೆಗೆ ಆರೂವರೆ ಕಿಲೋಮೀಟರು. ಚುರುಕಾಗಿ ನಡೆಯುವ ಮನುಷ್ಯ ಅದಕ್ಕೆ ಸರಿಜೋಡಿ. ಅದರ ಮೇಲೆ, ಮೋಡದ ನೆತ್ತಿಯಲ್ಲಿ, ಗಾಳಿ ಗಂಟೆಗೆ ಸುಮಾರು 360 ಕಿಲೋಮೀಟರು ವೇಗದಲ್ಲಿ ಅದೇ ದಿಕ್ಕಿಗೆ ಓಡುತ್ತಿದೆ. ನೆಲದ ಮಟ್ಟದಲ್ಲಾದರೋ ಗಾಳಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ಮಾತ್ರ ತೆವಳುತ್ತದೆ. ಗಾಳಿಗೂ ನೆಲಕ್ಕೂ, ಗಾಳಿಯ ಪದರ ಪದರಕ್ಕೂ ಉಜ್ಜಾಟವಿದ್ದೇ ಇದೆ. ಯಾರೂ ತಳ್ಳದಿದ್ದರೆ ಮೇಲಿನ ಓಟ ಕ್ರಮೇಣ ನಿಂತುಹೋಗಬೇಕು. ನಿಂತಿಲ್ಲ. ಅಂದ ಮೇಲೆ ಯಾರೋ ದಿನದಿನವೂ ತಳ್ಳುತ್ತಿದ್ದಾರೆ. ನನ್ನ ವಿದ್ಯಾರ್ಥಿ ಕೇಳಿದ್ದು ಇದನ್ನೇ.

ಉತ್ತರದ ಕಡೆಗೆ ಹೋಗುವ ದಾರಿ ಅಲೆಗಳ ಮೂಲಕ ಇದೆ. ಅಲೆ ಎಂದೊಡನೆ ನಮಗೆ ಕೆರೆಯ ನೀರು ನೆನಪಾಗುತ್ತದೆ. ಗಾಳಿಯಲ್ಲೂ ಅಲೆಗಳೇಳುತ್ತವೆ. ಬಲವಾದ ಕಾರಣವೊಂದರಿಂದ ಗಾಳಿಯ ಒಂದು ಮುದ್ದೆ ಮೇಲಕ್ಕೆ ಎತ್ತಲ್ಪಟ್ಟಿತೆನ್ನಿ. ಮೇಲೆ ಹೋದಂತೆ ಅದು ಹಿಗ್ಗಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಭಾರವಾದರೆ ಕೆಳಕ್ಕೆ ಬೀಳುತ್ತದೆ. ಬೀಳುವ ಭರದಲ್ಲಿ ತನ್ನ ಮೊದಲಿನ ಮಟ್ಟವನ್ನು ದಾಟಿ ಕೆಳಗಿಳಿಯುತ್ತದೆ. ಅಲ್ಲಿ ಒತ್ತಿ ಬಿಸಿಯಾಗಿ ಹಗುರವಾಗಿ ಮತ್ತೆ ಏಳುತ್ತದೆ. ಉಯ್ಯಾಲೆಯಂತೆ ಈ ಏರಿಳಿತ ಪಕ್ಕಪಕ್ಕದ ಗಾಳಿಗೂ ಮೇಲಿನ ಗಾಳಿಗೂ ಹರಡುತ್ತದೆ. ಒಂದು ಮಾತನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಮೇಲೆ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದಷ್ಟೆ. ಕೆಳಗಿನ ದಟ್ಟ ಗಾಳಿಯಲ್ಲಿ ಹುಟ್ಟಿದ ಸಣ್ಣ ನಡುಕ ಅದೇ ಶಕ್ತಿಯನ್ನು ಹೊತ್ತು ತೆಳು ಗಾಳಿಗೆ ಬಂದಾಗ ದೊಡ್ಡ ತೂಗಾಟವಾಗುತ್ತದೆ. ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಛಟೀರೆನ್ನುವುದಿಲ್ಲವೆ? ಹಾಗೆ.

ಶುಕ್ರನ ಮೋಡಗಳಲ್ಲಿ ಕಣ್ಣಿಗೆ ಮೊದಲು ಬೀಳುವ ಅಲೆ ಒಂದು ಕಪ್ಪು ಕವೆಗೋಲು. ಇಂಗ್ಲಿಷಿನ ವೈ ಅಕ್ಷರವನ್ನು ಪಕ್ಕಕ್ಕೆ ಮಲಗಿಸಿದ ಹಾಗೆ, ಗ್ರಹದ ಒಂದು ಮಗ್ಗುಲನ್ನೆಲ್ಲ ತುಂಬಿಕೊಂಡು ನಾಲ್ಕು ದಿನಕ್ಕೊಮ್ಮೆ ಸುತ್ತಿ ಬರುತ್ತದೆ. ಬ್ವಾಯೆಯ ಕಣ್ಣಿಗೆ ಬಿದ್ದದ್ದು ಇದೇ ಆಕೃತಿ. ಇದು ಒಂದೇ ಮೋಡವಲ್ಲ. ನಡುರೇಖೆಯ ಉದ್ದಕ್ಕೂ ಸಾಗುವ ಒಂದು ದೊಡ್ಡ ಅಲೆ ಅತಿನೇರಳೆಯನ್ನು ನುಂಗುವ ಕಪ್ಪು ದ್ರವ್ಯವನ್ನು ಏರಿಳಿಸಿ ಬರೆದ ಚಿತ್ರ. ನಡುರೇಖೆಯಿಂದ ಧ್ರುವಗಳ ಕಡೆಗೆ ಹೋದಂತೆ ಗಾಳಿ ಸುತ್ತಬೇಕಾದ ವೃತ್ತ ಕಿರಿದಾಗುವುದರಿಂದ ಅಲ್ಲಿನ ಮೋಡ ಬೇಗ ಸುತ್ತು ಮುಗಿಸುತ್ತದೆ. ಈ ವ್ಯತ್ಯಾಸಕ್ಕೆ ಸಿಕ್ಕಿ ಅಲೆಯ ಎರಡು ತುದಿಗಳು ಬಾಗಿ ಕವೆಯಾಗುತ್ತವೆ. ಕೆಲವು ವಾರಗಳಲ್ಲಿ ಆಕೃತಿ ಸೊಟ್ಟಗಾಗಿ ಚೆದುರಿಹೋಗುತ್ತದೆ, ಮತ್ತೆ ಕಟ್ಟುತ್ತದೆ. ಧ್ರುವಗಳ ಮೇಲಂತೂ ಮೋಡ ಸುಳಿಗಟ್ಟಿ ತಿರುಗುವುದನ್ನು ಯೂರೋಪಿನ ವೀನಸ್ ಎಕ್ಸ್‌ಪ್ರೆಸ್ ನೌಕೆ 2006ರಿಂದ 2014ರವರೆಗೆ ನೋಡಿತು. ಅದೇ ನೌಕೆಯ ಲೆಕ್ಕದಂತೆ 2006ರಲ್ಲಿ ಗಂಟೆಗೆ 300 ಕಿಲೋಮೀಟರಿನಷ್ಟಿದ್ದ ಮೋಡದ ವೇಗ ಆರು ವರ್ಷಗಳಲ್ಲಿ 400ರ ಹತ್ತಿರಕ್ಕೆ ಏರಿತ್ತು. ತಳ್ಳುವವರ ಕೈ ಒಂದೇ ಸಮನಾಗಿಲ್ಲ ಎಂದಾಯಿತು.

ಎರಡನೆಯ ಅಲೆಯ ಕಥೆಯನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು. ಜಪಾನೀಯರು ಶುಕ್ರನ ಹವೆಯನ್ನು ನೋಡುವುದಕ್ಕೆಂದೇ ಒಂದು ನೌಕೆಯನ್ನು ಮಾಡಿ 2010ರ ಮೇ ತಿಂಗಳಲ್ಲಿ ಹಾರಿಸಿದರು. ಹೆಸರು ಅಕಾತ್ಸುಕಿ, ಎಂದರೆ ಅರುಣೋದಯ. ಅದು 2010ರ ಡಿಸೆಂಬರ್ 7ರಂದು ಶುಕ್ರನನ್ನು ತಲಪಿತು. ವೇಗ ತಗ್ಗಿಸಿ ಗ್ರಹದ ಸೆಳೆತಕ್ಕೆ ಸಿಕ್ಕಿಕೊಳ್ಳಬೇಕಾದ ಘಳಿಗೆಯಲ್ಲಿಯೇ ಮುಖ್ಯ ಎಂಜಿನ್ ಕೆಟ್ಟಿತು. ಇಂಧನದ ಕೊಳವೆಯಲ್ಲಿನ ಒಂದು ಕವಾಟದಲ್ಲಿ ಉಪ್ಪು ಕಟ್ಟಿಕೊಂಡಿತ್ತಂತೆ. ಅಷ್ಟು ಸಣ್ಣ ಕಾರಣಕ್ಕೆ ನೌಕೆ ಶುಕ್ರನನ್ನು ದಾಟಿ ಸೂರ್ಯನ ಸುತ್ತ ಅಲೆಯಲು ಹೊರಟುಹೋಯಿತು. ಅದರ ಆಯುಷ್ಯವನ್ನು ಎಣಿಸಿದ್ದುದೇ ನಾಲ್ಕೂವರೆ ವರ್ಷ. ಜಪಾನೀಯರು ಕೈಬಿಡಲಿಲ್ಲ. ಐದು ವರ್ಷ ಕಾದರು. ಎಣಿಸಿದ್ದಕ್ಕಿಂತ ಹೆಚ್ಚಿನ ಬಿಸಿಲನ್ನು ಆ ನೌಕೆ ತಾಳಿಕೊಂಡಿತು. 2015ರ ಡಿಸೆಂಬರ್ 7ರಂದು, ವಿಫಲವಾದ ದಿನದಿಂದ ಸರಿಯಾಗಿ ಐದು ವರ್ಷಕ್ಕೆ, ನೌಕೆಯ ಮುಖವನ್ನು ಅತ್ತಿತ್ತ ತಿರುಗಿಸಲೆಂದು ಇಟ್ಟಿದ್ದ ನಾಲ್ಕು ಪುಟ್ಟ ಎಂಜಿನ್ನುಗಳನ್ನೇ ಇಪ್ಪತ್ತು ನಿಮಿಷ ಉರಿಸಿ ಅದನ್ನು ಶುಕ್ರನ ಕಕ್ಷೆಗೆ ಸೇರಿಸಿದರು. ಮೂವತ್ತು ಗಂಟೆಗೊಮ್ಮೆ ಸುತ್ತಬೇಕೆಂದಿದ್ದ ನೌಕೆ ಹತ್ತಕ್ಕೂ ಹೆಚ್ಚು ದಿನಕ್ಕೊಮ್ಮೆ ಸುತ್ತುವಂತಾಯಿತು. ಆದರೂ ಸುತ್ತಿತು.

ಆ ದಿನವೇ ನೌಕೆಯ ಕ್ಯಾಮರಗಳನ್ನು ತೆರೆದರು. ಮೋಡದ ನೆತ್ತಿಯ ಕಾವನ್ನು ಅವಕೆಂಪು ಕಿರಣಗಳಲ್ಲಿ ಅಳೆಯುವ ಕ್ಯಾಮರ ಕಂಡದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಉತ್ತರದಿಂದ ದಕ್ಷಿಣದವರೆಗೆ ಹತ್ತು ಸಾವಿರ ಕಿಲೋಮೀಟರು ಉದ್ದದ ಒಂದು ಬಿಲ್ಲು! ಸುತ್ತಲಿನ ಮೋಡಕ್ಕಿಂತ ಕೆಲವೇ ಡಿಗ್ರಿ ಹೆಚ್ಚಿನ ಕಾವಿನಿಂದ ಬರೆದ ಬಿಲ್ಲು. ಆಶ್ಚರ್ಯ ಅದರ ಉದ್ದದಲ್ಲಿ ಮಾತ್ರವಲ್ಲ. ಗಾಳಿ ಗಂಟೆಗೆ 360 ಕಿಲೋಮೀಟರು ಓಡುತ್ತಿದ್ದರೂ ಬಿಲ್ಲು ಕದಲಲಿಲ್ಲ. ನಾಲ್ಕು ದಿನ ನೋಡಿದರು; ಇದ್ದಲ್ಲಿಯೇ ಇತ್ತು. ಆ ಹೊತ್ತಿಗೆ ಮೋಡಗಳು ಗ್ರಹವನ್ನು ಒಂದು ಸುತ್ತು ಸುತ್ತಿ ಬಂದಿದ್ದುವು. ಬಿಲ್ಲಿನ ಕೆಳಗೆ ನೆಲದ ನಕ್ಷೆಯನ್ನಿಟ್ಟು ನೋಡಿದಾಗ ಅಲ್ಲಿ ಆಫ್ರೊಡೈಟಿ ಎಂಬ ಮಹಾ ಎತ್ತರಪ್ರದೇಶದ ಪಶ್ಚಿಮದ ಬೆಟ್ಟಗಳಿದ್ದುವು. (ಶುಕ್ರನ ನಕ್ಷೆಯಲ್ಲಿ ಬಹುತೇಕ ಹೆಸರುಗಳೆಲ್ಲ ಸ್ತ್ರೀಯರವು, ದೇವಿಯರವು. ನಮ್ಮ ಲಕ್ಷ್ಮಿಯ ಹೆಸರಿನ ಒಂದು ಪ್ರಸ್ಥಭೂಮಿಯೂ ಉಂಟು. ಪುರಾಣದ ಶುಕ್ರಾಚಾರ್ಯರು ಇದಕ್ಕೆ ಏನೆನ್ನುತ್ತಿದ್ದರೋ!)

ಹೊಳೆಯಲ್ಲಿ ಇಳಿದವರು ಇದನ್ನು ಸಣ್ಣದಾಗಿ ಕಂಡೇ ಇರುತ್ತೀರಿ. ನೀರಿನೊಳಗೆ ಮುಳುಗಿದ ಬಂಡೆಯೊಂದಿದ್ದರೆ ಅದರ ಮೇಲೆ ನೀರು ಉಬ್ಬಿ ಒಂದು ಅಲೆಯಾಗಿ ನಿಂತಿರುತ್ತದೆ. ನೀರು ಹರಿದುಹೋಗುತ್ತಲೇ ಇರುತ್ತದೆ, ಉಬ್ಬು ಮಾತ್ರ ನಿಂತಲ್ಲೇ ನಿಂತಿರುತ್ತದೆ. ನಮ್ಮ ಭೂಮಿಯಲ್ಲಿಯೂ ಎತ್ತರದ ಪರ್ವತಗಳ ಮೇಲೆ ಗಾಳಿ ಹಾಯುವಾಗ ಮಸೂರದ ಆಕಾರದ ಮೋಡಗಳು ಗಂಟೆಗಟ್ಟಲೆ ಕದಲದೆ ನಿಲ್ಲುತ್ತವೆ. ಶುಕ್ರನ ಮೇಲೆ ಬೆಟ್ಟದ ಮೇಲಿನ ಮಂದಗಾಳಿಯಲ್ಲಿ ಎದ್ದ ಉಬ್ಬು ಸುಮಾರು 65 ಕಿಲೋಮೀಟರು ಮೇಲೇರಿ ಮೋಡದ ನೆತ್ತಿಯನ್ನು ಅಲುಗಿಸಿತು. ಕೆಳಗೆ ತೆವಳುವ ಗಾಳಿ ಅಷ್ಟು ದಟ್ಟವಾಗಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಬಿಲ್ಲು ಶಾಶ್ವತವಾದುದೇನಲ್ಲ. 2016ರ ಜನವರಿಯಲ್ಲಿ ಮತ್ತೆ ನೋಡಿದಾಗ ಮಾಯವಾಗಿತ್ತು. ಆಮೇಲೆ ಬೇರೆ ಬೇರೆ ಎತ್ತರಪ್ರದೇಶಗಳ ಮೇಲೂ ಇಂಥವು ಕಂಡುವು. ಆ ಪ್ರದೇಶದ ಇಳಿಹೊತ್ತಿನಲ್ಲಿ ಮೂಡಿ ಅಳಿಯುವುದು ಅವುಗಳ ವಾಡಿಕೆ ಎಂದು ತಿಳಿಯಿತು.

ಹಿಂದೆ ಇದರ ಸುಳಿವು ಒಂದು ಸಿಕ್ಕಿತ್ತು. 1985ರ ಜೂನಿನಲ್ಲಿ ರಷ್ಯನ್ನರ ವೇಗಾ ನೌಕೆಗಳೆರಡು ಹ್ಯಾಲಿ ಧೂಮಕೇತುವಿನ ಬಳಿಗೆ ಹೋಗುವ ದಾರಿಯಲ್ಲಿ ಶುಕ್ರನ ಮೋಡಗಳೊಳಗೆ ಎರಡು ಬೆಲೂನುಗಳನ್ನು ಬಿಟ್ಟುಹೋದುವು. ಸುಮಾರು 54 ಕಿಲೋಮೀಟರು ಎತ್ತರದಲ್ಲಿ, ನಮ್ಮ ಬೇಸಿಗೆಯ ದಿನದಂಥ ಹಿತವಾದ ಉಷ್ಣತೆಯಲ್ಲಿ, ಎರಡು ದಿನಕ್ಕೆ ಸ್ವಲ್ಪ ಕಡಮೆ ಕಾಲ ಅವು ತೇಲಿದುವು. ಒಂದೊಂದೂ ಸುಮಾರು ಹನ್ನೊಂದು ಸಾವಿರ ಕಿಲೋಮೀಟರು ಸಾಗಿತು. ಅವು ಕಳುಹಿಸಿದ ಕ್ಷೀಣವಾದ ರೇಡಿಯೋ ದನಿಯನ್ನು ಭೂಮಿಯ ಮೇಲೆ ಹಲವು ದೇಶಗಳ ಆಂಟೆನಾಗಳು ಕಿವಿಗೊಟ್ಟು ಹಿಡಿದುವು. ಎರಡನೆಯ ಬೆಲೂನು ಆಫ್ರೊಡೈಟಿಯ ಬೆಟ್ಟಗಳ ಮೇಲೆ ಬಂದಾಗ ಹುಚ್ಚು ಹಿಡಿದಂತೆ ಏರಿಳಿಯಿತು. ಐವತ್ತು ಕಿಲೋಮೀಟರು ಕೆಳಗಿರುವ ಬೆಟ್ಟಕ್ಕೂ ಇದಕ್ಕೂ ಸಂಬಂಧವಿರಬಹುದೆ ಎಂದು ಆಗಲೇ ಕೆಲವರು ಕೇಳಿದ್ದರು. ಉತ್ತರಕ್ಕೆ ಮೂವತ್ತು ವರ್ಷ ಹಿಡಿಯಿತು.

ಸರಿ, ಮೋಡಗಳನ್ನು ತಳ್ಳುವವರು ಈ ಬೆಟ್ಟದ ಅಲೆಗಳೆ? ಅಲ್ಲ, ಇವು ಓಡುವ ಗಾಳಿಯ ಕಾಲಿಗೆ ತೊಡರುವಂಥವು. ತಳ್ಳುವ ಅಲೆ ಮೂರನೆಯದು. ಇಲ್ಲಿ ನನ್ನ ‘ಸೂರ್ಯನ ಶಾಖ’ಕ್ಕೂ ಸ್ವಲ್ಪ ಮರ್ಯಾದೆ ಉಳಿದಿದೆ.

ಭೂಮಿಯ ಮೇಲೆ ಬಿಸಿಲಿನ ಹೆಚ್ಚು ಪಾಲು ಗಾಳಿಯನ್ನು ಹಾಯ್ದು ಬಂದು ನೆಲವನ್ನೂ ಕಡಲನ್ನೂ ಕಾಯಿಸುತ್ತದೆ. ಶುಕ್ರನಲ್ಲಿ ಹಾಗಿಲ್ಲ. ಹಿಂದಕ್ಕೆ ಎಸೆದು ಉಳಿದ ಬಿಸಿಲಿನಲ್ಲಿ ಹೆಚ್ಚಿನದನ್ನು ಮೋಡದ ಮೇಲ್ಭಾಗವೇ ನುಂಗುತ್ತದೆ. ನೆಲಕ್ಕೆ ಇಳಿಯುವುದು ಬಹು ಸ್ವಲ್ಪ. ಎಂದರೆ ಅಲ್ಲಿನ ಒಲೆ ಅಟ್ಟದ ಮೇಲಿದೆ. ಸೂರ್ಯ ನೆತ್ತಿಯ ಮೇಲಿರುವ ಕಡೆ ಮೋಡ ಕಾದು ಹಿಗ್ಗುತ್ತದೆ. ಗಾಳಿ ಮಾತ್ರ ಆ ಕಾದ ಜಾಗದೊಳಗೆ ಹೊಕ್ಕು ಹೊರಟು ಓಡುತ್ತಲೇ ಇದೆ. ಓಡುವ ಗಾಳಿಯ ಜೊತೆ ನೀವೂ ಓಡುತ್ತಿದ್ದೀರೆಂದು ಭಾವಿಸಿ. ನಿಮ್ಮ ದೃಷ್ಟಿಗೆ ಆ ಕಾದ ಜಾಗ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿರುತ್ತದೆ, ರೈಲಿನಲ್ಲಿ ಕುಳಿತವನಿಗೆ ನಿಲ್ದಾಣದ ಕಂಬಗಳು ಹಿಂದಕ್ಕೆ ಓಡುವಂತೆ. ಆ ಕಾವಿನಿಂದ ಹುಟ್ಟುವ ಅಲೆಯೂ ಗಾಳಿಯ ಲೆಕ್ಕದಲ್ಲಿ ಹಿಂದಕ್ಕೇ ಓಡುತ್ತದೆ. ಇದನ್ನು ಉಷ್ಣದ ಉಬ್ಬರವಿಳಿತ ಎನ್ನಬಹುದು. ಈ ಅಲೆ ಹುಟ್ಟಿದ ಮೋಡದಲ್ಲಿಯೇ ಉಳಿಯುವುದಿಲ್ಲ. ಮೇಲಕ್ಕೂ ಕೆಳಕ್ಕೂ ಹೊರಟುಹೋಗುತ್ತದೆ. ಹೋಗುವಾಗ ಹಿಮ್ಮುಖವಾದ ನೂಕನ್ನು ತನ್ನೊಡನೆ ಹೊತ್ತೊಯ್ಯುತ್ತದೆ.

ಹರಿಗೋಲಿನಿಂದ ದಡಕ್ಕೆ ಹಾರಿದವನನ್ನು ನೆನಪು ಮಾಡಿಕೊಳ್ಳಿ. ಅವನು ಹಿಂದಕ್ಕೆ ಹಾರಿದರೆ ಹರಿಗೋಲು ಮುಂದಕ್ಕೆ ಸರಿಯುತ್ತದೆ. ಅವನಿಗೆ ಹರಿಗೋಲನ್ನು ನೂಕುವ ಉದ್ದೇಶವಿರಲಿಲ್ಲ, ಆದರೂ ನೂಕಿದ. ಅದೇ ರೀತಿ ಹಿಮ್ಮುಖದ ಅಲೆಗಳು ಮೋಡದ ಪದರವನ್ನು ಬಿಟ್ಟು ಹೋಗುತ್ತಿದ್ದಷ್ಟೂ ಆ ಪದರಕ್ಕೆ ಮುಮ್ಮುಖದ ನೂಕು ದೊರೆಯುತ್ತದೆ. ಸೂರ್ಯ ದಿನವೂ ಕಾಯಿಸುತ್ತಾನೆ, ಅಲೆಗಳು ದಿನವೂ ಹಾರಿಹೋಗುತ್ತವೆ, ಗಾಳಿಯ ಓಟ ದಿನವೂ ಹೊಸ ಬಲ ಪಡೆಯುತ್ತದೆ.

ಇದು ಬಹಳ ಕಾಲ ಬರಿಯ ಊಹೆಯಾಗಿತ್ತು. ಗಾಳಿಯ ಸಣ್ಣ ಸಣ್ಣ ಸುಳಿಗಳೂ ಬೇರೆ ದೊಡ್ಡ ಅಲೆಗಳೂ ನಡುರೇಖೆಯ ಕಡೆಗೆ ವೇಗವನ್ನು ಹೊತ್ತು ತರುತ್ತವೆ ಎಂಬ ಪಕ್ಷವೇ ಪ್ರಬಲವಾಗಿತ್ತು. ಅಕಾತ್ಸುಕಿ ತೆಗೆದ ಅತಿನೇರಳೆ ಚಿತ್ರಗಳಲ್ಲಿ ಮೋಡದ ತುಣುಕುಗಳನ್ನು ಒಂದೊಂದಾಗಿ ಹಿಂಬಾಲಿಸಿ, ಕಾವಿನ ಚಿತ್ರಗಳೊಡನೆ ಹೊಂದಿಸಿ, ಜಪಾನಿನ ಹೊರಿನೌಚಿ ಮತ್ತು ಅವರ ಸಂಗಡಿಗರು 2020ರಲ್ಲಿ ಲೆಕ್ಕವನ್ನು ಮುಂದಿಟ್ಟರು. ನಡುರೇಖೆಯ ಸಮೀಪದಲ್ಲಿ ಓಟಕ್ಕೆ ಬಲ ಕೊಡುವುದು ಉಷ್ಣದ ಉಬ್ಬರವಿಳಿತ; ಸುಳಿಗಳೂ ಉಳಿದ ಅಲೆಗಳೂ ಅಲ್ಲಿ ಮಾಡುವ ಕೆಲಸ ಅದಕ್ಕೆ ವಿರುದ್ಧ, ಹಿಂದೆಳೆಯುವುದು. ತಳ್ಳುವವರೆಂದು ತಿಳಿದಿದ್ದವರೇ ತಡೆಯುವವರಾಗಿದ್ದರು.

“ನಮಗೂ ಅದೇ ಸೂರ್ಯ ಅಲ್ವಾ” ಎಂದಿದ್ದನಲ್ಲ ಹುಡುಗ? ಅವನು ಕೇಳಿದ್ದು ನ್ಯಾಯ. ಉಷ್ಣದ ಉಬ್ಬರವಿಳಿತ ನಮ್ಮ ಗಾಳಿಯಲ್ಲೂ ಇದೆ. ಒಳ್ಳೆಯ ವಾಯುಭಾರಮಾಪಕವನ್ನು ಗೋಡೆಗೆ ತೂಗುಹಾಕಿ ಮಳೆ ಬಿರುಗಾಳಿಗಳಿಲ್ಲದ ದಿನ ನೋಡಿ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಬೆಳಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಇಳಿದಿರುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಏರು, ಬೆಳಗಿನ ಜಾವಕ್ಕೆ ಮತ್ತೆ ಇಳಿ. ಆದರೆ ನಮ್ಮ ಭೂಮಿ ಬುಗುರಿಯಂತೆ ರಭಸವಾಗಿ ಸುತ್ತುವುದರಿಂದ ಇಲ್ಲಿನ ಗಾಳಿಗಳನ್ನು ಆಳುವ ನಿಯಮವೇ ಬೇರೆಯಾಗಿದೆ. ಶುಕ್ರನಲ್ಲಿ ಒಲೆ ಎತ್ತರದಲ್ಲಿದೆ, ಗ್ರಹವೋ ಸೋಮಾರಿ. ಅಲ್ಲಿ ಈ ಅಲೆಗೆ ಮೇಲುಗೈ ದೊರೆತಿದೆ.

ಹೀಗೆ ನೆಲಕ್ಕೆ ಸಂಬಂಧವಿಲ್ಲದಂತೆ ಓಡುವ ಗಾಳಿ ಅಂತೂ ನೆಲವನ್ನು ಬಿಟ್ಟುಬಿಟ್ಟಿದೆಯೆ? ಅದೂ ಇಲ್ಲ. ಬೆಟ್ಟದ ಮೇಲೆ ಹಾಯುವ ಗಾಳಿಯನ್ನು ಬೆಟ್ಟ ತಡೆಯುತ್ತದೆ. ತಡೆದ ಬೆಟ್ಟವನ್ನು ಗಾಳಿ ಮುಂದಕ್ಕೆ ದಬ್ಬುತ್ತದೆ. ಭೂಮಿಯಲ್ಲಾದರೆ ಇದು ಲೆಕ್ಕಕ್ಕೆ ಬಾರದಷ್ಟು. ಶುಕ್ರನ ವಾಯುಮಂಡಲ ನಮ್ಮದಕ್ಕಿಂತ ತೊಂಬತ್ತು ಪಟ್ಟಿಗೂ ಹೆಚ್ಚು ತೂಕದ್ದು. ಅಮೆರಿಕದವರು 2006ರಿಂದ 2020ರವರೆಗೆ ರೇಡಾರಿನಿಂದ ಅಳೆದು 2021ರಲ್ಲಿ ಪ್ರಕಟಿಸಿದಂತೆ, ಶುಕ್ರ ತನ್ನ ಸುತ್ತ ತಿರುಗುವ ಸರಾಸರಿ ಅವಧಿ 243.0226 ದಿನ; ಆದರೆ ಒಂದು ಸಲ ಅಳೆದದ್ದಕ್ಕೂ ಇನ್ನೊಂದು ಸಲ ಅಳೆದದ್ದಕ್ಕೂ ಇಪ್ಪತ್ತು ನಿಮಿಷಗಳವರೆಗೆ ವ್ಯತ್ಯಾಸ ಬರುತ್ತದೆ. ಗಾಳಿ ಒಂದು ಗ್ರಹವನ್ನೇ ಹಿಡಿದು ಅಲುಗಾಡಿಸುತ್ತಿದೆ! ಹಿಂದೆ ಬೇರೆ ಬೇರೆ ಕಾಲದಲ್ಲಿ ಅಳೆದವರ ಅಂಕಿಗಳು ಒಂದಕ್ಕೊಂದು ತಾಳೆಯಾಗದೆ ಹೋದದ್ದಕ್ಕೆ ಕಾರಣ ಅಳತೆಗಾರರ ತಪ್ಪಲ್ಲ, ಗಡಿಯಾರವೇ ಹಾಗಿತ್ತು.

ಮೋಡದ ನೆತ್ತಿಯಷ್ಟೇ ಅಲ್ಲದೆ ಅದರ ಹೊಟ್ಟೆಯೊಳಗೂ ಅಲೆಗಳಿವೆ. ಸುಮಾರು ಐವತ್ತು ಕಿಲೋಮೀಟರು ಎತ್ತರದ ಆಸುಪಾಸಿನಲ್ಲಿ, ಏಳೂವರೆ ಸಾವಿರ ಕಿಲೋಮೀಟರು ಉದ್ದದ ಗೋಡೆಯೊಂದು ಐದು ದಿನಕ್ಕೊಮ್ಮೆ ಗ್ರಹವನ್ನು ಸುತ್ತುತ್ತಿರುವುದು 2020ರಲ್ಲಿ ಬೆಳಕಿಗೆ ಬಂತು. ಹಳೆಯ ಚಿತ್ರಗಳನ್ನು ಕೆದಕಿ ನೋಡಿದರೆ 1983ರಿಂದಲೂ ಅದು ಅಲ್ಲಿತ್ತು. ಕಣ್ಣೆದುರಿಗಿದ್ದದ್ದನ್ನು ಮೂವತ್ತೇಳು ವರ್ಷ ಯಾರೂ ಗಮನಿಸಿರಲಿಲ್ಲ.

ಅಕಾತ್ಸುಕಿಯ ದನಿ 2024ರ ಏಪ್ರಿಲ್ ಕೊನೆಯಲ್ಲಿ ಕೇಳದಂತಾಯಿತು. ನಾಲ್ಕೂವರೆ ವರ್ಷದ ಆಯುಷ್ಯದ ನೌಕೆ ಹದಿನಾಲ್ಕು ವರ್ಷದ ಹತ್ತಿರ ಬದುಕಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಸಂಸ್ಥೆಯ ಶುಕ್ರಯಾನಕ್ಕೆ 1,236 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿತು. 2028ರ ಮಾರ್ಚಿನಲ್ಲಿ ಹಾರಿಸಬೇಕೆಂಬುದು ಆಗಿನ ಎಣಿಕೆ.

ಹಿಂದಿನ ಬೆಂಚಿನ ಆ ಹುಡುಗ ಈಗ ಪಾಲಿಟೆಕ್ನಿಕ್ ಓದುತ್ತಿದ್ದಾನೆ. ಈಚೆಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ, ಬಸ್ಸು ಬರುವವರೆಗೆ ನಿಲ್ಲಿಸಿಕೊಂಡು, ಹರಿಗೋಲಿನ ದೃಷ್ಟಾಂತದ ಸಹಿತ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ, “ಸಾರ್, ಅತಿನೇರಳೆಯನ್ನ ನುಂಗೋ ಆ ಕಪ್ಪು ಪದಾರ್ಥ ಅಂದ್ರಲ್ಲ, ಅದು ಏನು?” ಎಂದ. ಬಿಸಿಲನ್ನು ನುಂಗಿ ಒಲೆ ಉರಿಸುವುದರಲ್ಲಿ ಅರ್ಧ ಪಾಲು ಕೆಲಸ ಅದರದೇ. ಗಂಧಕದ ಯಾವುದೋ ರೂಪವೆಂದು ಕೆಲವರು, ಕಬ್ಬಿಣದ ಲವಣವೆಂದು ಕೆಲವರು ಹೇಳುತ್ತಾರೆ. 1927ರಿಂದ ಇಲ್ಲಿಯವರೆಗೆ ನಿರ್ಧಾರವಾಗಿಲ್ಲ. ಈ ಸಲ ಗಂಟೆ ಹೊಡೆಯುವವರು ಯಾರೂ ಇರಲಿಲ್ಲ. “ಅದು ಯಾರಿಗೂ ಇನ್ನೂ ಗೊತ್ತಿಲ್ಲಪ್ಪ” ಎಂದೆ.